ಕೌದಿಯ ಆ ತುದಿ

ನನ್ನ ತಂಗಿ ಕಲಬುರಗಿಯ ಒಂದು ಪ್ರಯೋಗಾಲಯದಲ್ಲಿ ಯೀಸ್ಟ್ ಸಾಕುತ್ತಿದ್ದಳು. ಬ್ರೆಡ್ ಉಬ್ಬಿಸುತ್ತದಲ್ಲ, ಅದೇ ಯೀಸ್ಟ್. ಶನಿವಾರ ನಮ್ಮೂರು ನಿಂಬರ್ಗಾಕ್ಕೆ ಬಂದರೆ ಬಾಯಲ್ಲಿ ಅದರದೇ ಮಾತು. ನಾನು ಹತ್ತನೆಯ ತರಗತಿಗೆ ಶಾಲೆ ಬಿಟ್ಟವಳು, ಸುಮ್ಮನೆ ಕೇಳುತ್ತಿದ್ದೆ.

ಒಮ್ಮೆ ನಾನು, ಅವ್ವ ಕೌದಿ ಹೊಲಿಯಲು ಹಳೆಯ ಸೀರೆ ಹಾಸುತ್ತಿದ್ದೆವು. ಬಹಳ ದಿನ ಸುತ್ತಿಟ್ಟಿದ್ದರಿಂದ ಬಿಚ್ಚಿದಷ್ಟೂ ಸುರುಳಿಯಾಗುತ್ತಿತ್ತು. ತಂಗಿ ಅದನ್ನೇ ತೋರಿಸಿದಳು.

"ಡಿಎನ್‌ಎ ಹಿಂಗೇ ಸುತ್ಗೊಂಡಿರತದ ಅಕ್ಕಾ. ಅದರ ಮ್ಯಾಲ ಒಂದು ಪ್ರೋಟೀನ್ ಬಂದು ಕುಂತ್ರನ ಅಲ್ಲಿ ಬರ್ದಿಟ್ಟ ಕೆಲಸ ಶುರು. ಒಂದೇ ಬಂದ್ರ ಸುರುಳಿ ಮತ್ತ ಮುಚ್ಗೋತದ, ಅದು ಜಾರಿ ಹೋಗತದ. ಬಾಜೂಕ ಇನ್ನೊಂದು ಕುಂತ್ರ ಎರಡೂ ನಿಲ್ತಾವ."

"ಒಂದರ ಕೈ ಒಂದು ಹಿಡ್ಕೋತಾವೇನು?"

"ಕೆಲವು ಹಿಡ್ಕೋತಾವ. ನಾ ನೋಡಾಕತ್ತಿದ್ದು ಹಿಡ್ಕೊಳ್ಳೂದಿಲ್ಲ. ನೀನೂ ಅವ್ವನೂ ಈಗ ಕೈ ಹಿಡ್ಕೊಂಡೀರೇನು? ಇಬ್ರೂ ಒಂದೊಂದು ಕಡೆ ಒಂದೇ ಸೀರಿ ಒತ್ತಿ ಹಿಡದೀರಿ, ಅಷ್ಟ."

"ಇಷ್ಟ ಓದಿ ಸೀರಿ ಒತ್ತೂದು ಕಲ್ತಾಳ ನೋಡು. ಸೂಜಿ ಹಿಡಿಯಾಕ ಬರೂದಿಲ್ಲ," ಎಂದಳು ಅವ್ವ.

ಕಳೆದ ಮಳೆಗಾಲ ಜ್ವರ ಬಂದು ಎಂಟೇ ದಿನಕ್ಕೆ ತಂಗಿ ಹೋದಳು. ಅವ್ವ ಅವಳ ಬಟ್ಟೆಗಳನ್ನು ಸುತ್ತಿ ಟ್ರಂಕಿಗೆ ಹಾಕಿ ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡಳು. ನನ್ನೊಡನೆಯೂ ಮಾತು ಬಿಟ್ಟಳು. ಮನೆಯಲ್ಲಿ ಉಳಿದವರು ಇಬ್ಬರೇ. ಇವಳೂ ಕೈಬಿಟ್ಟು ಹೋಗುತ್ತಾಳೆ ಎಂದು ನನಗೆ ಭಯವಾಗುತ್ತಿತ್ತು.

ಚಳಿ ಶುರುವಾದಾಗ ಕೇಳಿದೆ. "ಅವ್ವಾ, ಆಕಿ ಸೀರಿ ಕೊಡು. ನಿನಗ ಕೌದಿ ಹೊಲಿತೇನಿ."

"ಕತ್ತರಿ ಹಾಕ್ತಿಯೇನು?"

"ಇಲ್ಲಬೇ. ಇಡೀ ಸೀರಿನೇ ಮಡಚಿ ಹೊಲಿತೇನಿ."

ಕೀಲಿ ನೆಲದ ಮೇಲಿಟ್ಟು ಒಳಗೆ ಹೋದಳು.

ಪಡಸಾಲೆಯಲ್ಲಿ ಹಾಸಿದೆ. ನನ್ನ ಮೊಣಕಾಲಿದ್ದ ಕಡೆ ಸೀರೆ ನಿಂತಿತು. ಆ ತುದಿ ಸುರುಳಿಯಾಗಿ ನನ್ನತ್ತಲೇ ಬಂತು. ಒಂದು ಕಲ್ಲು ಇಡಬಹುದಿತ್ತು. ಇಡಲಿಲ್ಲ. ಮೂರನೆಯ ಸಲ ಬಿಚ್ಚುವಾಗ ಅವ್ವ ಹೊರಗೆ ಬಂದು, ಆ ತುದಿಯ ಮೇಲೆ ಅಂಗೈ ಊರಿ ಕುಳಿತಳು. ನನ್ನ ಮುಖ ನೋಡಲಿಲ್ಲ.

"ಹೊಲಿ," ಎಂದಳು.

ಹದಿನೈದು ದಿನ ಹಾಗೇ ಕುಳಿತೆವು. ಕೌದಿಯ ಹೊಟ್ಟೆ ಬರಿದಾಗಿರಬಾರದೆಂದು ನಮ್ಮಲ್ಲಿ ಕೊನೆಯ ಮೂಲೆ ಮುಚ್ಚುವ ಮೊದಲು ಒಂದು ಚೂರು ರೊಟ್ಟಿ ಇಡುತ್ತಾರೆ. ನಾನು ರೊಟ್ಟಿ ತರಲು ಎದ್ದೆ. ಅವ್ವ ತಡೆದು, ಸೆರಗಿನ ಗಂಟು ಬಿಚ್ಚಿ, ಒಣಗಿದ ಬ್ರೆಡ್ಡಿನ ಚೂರು ತೆಗೆದಳು.

"ಆಕಿ ಸಾಕತಿದ್ದದ್ದು ಇದರಾಗ ಇರತದ ಅಂತಿದ್ಲಲ್ಲ," ಎಂದಳು.

ಅವಳು ಮೂಲೆ ಒತ್ತಿ ಹಿಡಿದಳು. ನಾನು ಹೊಲಿದೆ.