ನಿಲ್ಲದ ನಗಾರಿ

ಅರ್ಚಕರು ಆರತಿ ತಟ್ಟೆಗೆ ಎಡಗೈಯನ್ನೂ ಆಸರೆ ಕೊಟ್ಟರು. ಆರತಿ ಎತ್ತಿ ಹತ್ತು ನಿಮಿಷವಾದರೂ ಸಿಂಗಾಪುರ ಎಂಬ ಹಳ್ಳಿಗೆ ಅಂಟಿಕೊಂಡ ನಮ್ಮ ಬಡಾವಣೆಯ ಗುಡಿಯಲ್ಲಿ ನಗಾರಿ, ಗಂಟೆ ಬಾರಿಸುವ ಮೆಷಿನ್ ನಿಲ್ಲುತ್ತಲೇ ಇರಲಿಲ್ಲ. ಎರಡು ನಿಮಿಷಕ್ಕೆ ಅದು ತಾನಾಗಿಯೇ ನಿಲ್ಲಬೇಕಿತ್ತು. ಯಾರೋ ಮೂರನೇ ಸಲ ತಟ್ಟೆಗೆ ಕರ್ಪೂರ ಹಾಕಿದರು.

"ಗಂಟೆ ನಿಲ್ದೆ ಆರತಿ ಇಳಿಸೋ ಹಾಗಿಲ್ಲಪ್ಪ. ಇನ್ನೆಷ್ಟು ಹೊತ್ತು?" ಮಂತ್ರದ ನಡುವೆಯೇ ಅರ್ಚಕರು ನನ್ನನ್ನು ಕೇಳಿದರು.

ಮೆಷಿನ್‌ಗೆ ಹೊಸ ಚಿಪ್ ಹಾಕಿ, ಹಳೆಯ ಪ್ರೋಗ್ರಾಂ ಅನ್ನು ಒಂದಕ್ಷರವೂ ಬದಲಿಸದೆ ಅದಕ್ಕೆ ತುಂಬಿದವನು ನಾನೇ. ಹಳೆಯ ಚಿಪ್‌ನ ಬೈಟ್‌ನಲ್ಲಿ, ಅಂದರೆ ಅದು ಎಣಿಕೆ ಇಡುವ ಜಾಗದಲ್ಲಿ, ಇದ್ದದ್ದು ಎಂಟು ಬಿಟ್. ಅದರಲ್ಲಿ 255ಕ್ಕಿಂತ ದೊಡ್ಡ ಸಂಖ್ಯೆ ಹಿಡಿಯದು; ಅಷ್ಟು ಪೆಟ್ಟಾದ ಮೇಲೆ ಎಣಿಕೆ ಸೊನ್ನೆಗೆ ಮರಳುತ್ತಿತ್ತು, ಸೊನ್ನೆ ಕಂಡೊಡನೆ ಮೆಷಿನ್ ನಿಲ್ಲುತ್ತಿತ್ತು. ಬೈಟ್ ಎಂದರೆ ಸಾಮಾನ್ಯವಾಗಿ ಎಂಟೇ ಬಿಟ್ ಆದರೂ ಈ ಜಾತಿಯ ಹೊಸ ಚಿಪ್‌ನಲ್ಲಿ ಅದು ಹದಿನಾರು ಎಂಬುದು ನನಗೆ ಹೊಳೆದದ್ದೇ ಆಗ. ಅಲ್ಲಿ ಸೊನ್ನೆ ಬರಲು ಅರವತ್ತೈದು ಸಾವಿರಕ್ಕೂ ಹೆಚ್ಚು ಪೆಟ್ಟು ಬೀಳಬೇಕು. ಸೆಕೆಂಡಿಗೆ ಎರಡು ಪೆಟ್ಟಿನಂತೆ, ಕೈ ಮುಗಿದುಕೊಂಡೇ ಲೆಕ್ಕ ಹಾಕಿದೆ.

"ಇನ್ನ ಒಂಬತ್ತು ತಾಸು ಆಗ್ತೈತ್ರಿ, ಸ್ವಾಮಿ."

ಅವರು ಕಣ್ಣಲ್ಲೇ ಸ್ವಿಚ್ ತೋರಿಸಿದರು. ಅಷ್ಟು ಜನರೆದುರು, ದೇವರ ಮುಖ ನೋಡುವ ಧೈರ್ಯವಿಲ್ಲದೆ, ಕಳ್ಳನಂತೆ ಹೋಗಿ ಆಫ್ ಮಾಡಿದೆ.

ಮರುದಿನ ಪ್ರೋಗ್ರಾಂ ಸರಿಪಡಿಸಿದೆ. ಸಂಜೆಯ ಮಂಗಳಾರತಿಗೆ ಮೆಷಿನ್ ಸರಿಯಾಗಿ ಎರಡು ನಿಮಿಷ ಬಾರಿಸಿ ನಿಂತಿತು. ಹೆಮ್ಮೆಯಿಂದ ಹಿಂತಿರುಗಿದರೆ, ಊರಿನ ಹಳೆಯ ಮನೆತನದ ಅಜ್ಜಿಯೊಬ್ಬರು ಪಕ್ಕದವರಿಗೆ ಹೇಳುತ್ತಿದ್ದರು: "ನೆನ್ನೆ ಎಷ್ಟ್ ಚೆನ್ನಾಗ್ ಬಾರಿಸ್ತು! ಇವತ್ತು ಕೆಟ್ಟೋಗೈತೆ ಕಣಮ್ಮ, ಪಾಪ."