ಲ್ಯಾಬಕ್ಕನ ಹದಿನೇಳನೇ ಸ್ಲೈಡು

ಜೀವಶಾಸ್ತ್ರ ವಿಭಾಗದಲ್ಲಿ ಹತ್ತೊಂಬತ್ತು ವರ್ಷ ಗಾಜಿನ ಸಾಮಾನು ತೊಳೆದು, ಮೈಕ್ರೋಸ್ಕೋಪುಗಳ ಧೂಳು ಒರೆಸಿ, ಫಾರ್ಮಲಿನ್ ಜಾಡಿಗಳ ಮುಚ್ಚಳ ಬಿಗಿ ಮಾಡುತ್ತಾ ಬಂದ ಅಟೆಂಡರನ್ನು ಪ್ರಿನ್ಸಿಪಾಲರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರೂ ಕರೆಯುತ್ತಿದ್ದದ್ದು ಲ್ಯಾಬಕ್ಕ ಎಂದು. ಆ ಲ್ಯಾಬಕ್ಕ ನಲವತ್ತೊಂದನೇ ವಯಸ್ಸಿನಲ್ಲಿ ಅದೇ ಕಾಲೇಜಿನ ಸಂಜೆ ಬಿ.ಎಸ್ಸಿ.ಗೆ ಅರ್ಜಿ ಹಾಕಿದಾಗ ಸ್ಟಾಫ್ ರೂಮಿನಲ್ಲಿ ಒಂದು ವಾರ ನಗುವೋ ನಗು.

"ಏನ್ ಲ್ಯಾಬಕ್ಕ, ಪಿಎಚ್.ಡಿ. ಯಾವಾಗ?" ಎಂದು ಕೇಳಿದವರೊಬ್ಬರಿಗೆ ಅವಳು, "ನಿಮ್ಮ ಚಹಾ ಲೋಟ ನೀವೇ ತೊಳೆಯೋದು ಕಲಿತ ಮರುದಿನ ಸಾರ್" ಎಂದಳು. ಅಲ್ಲಿಗೆ ನಗು ಸ್ವಲ್ಪ ಕಡಿಮೆಯಾಯಿತು.

ಸಂಜೆ ಐದಾಯಿತೆಂದರೆ ನೀಲಿ ಕೋಟು ಬಿಚ್ಚಿ ಗೋಡೆಯ ಮೊಳೆಗೆ ಸಿಕ್ಕಿಸಿ, ಅದೇ ಮೊಳೆಯಲ್ಲಿದ್ದ ಬಿಳಿ ಕೋಟು ಹಾಕಿಕೊಳ್ಳುವಳು. ಬೆಳಿಗ್ಗೆ ತಾನೇ ಒರೆಸಿದ ಮೇಜಿನ ಮುಂದೆ ಸಂಜೆ ವಿದ್ಯಾರ್ಥಿಯಾಗಿ ಕೂರುವಳು. ಮೊದಮೊದಲು ಯಾರ ಕೈಯಿಂದಲಾದರೂ ಪ್ರನಾಳ ಬಿದ್ದು ಒಡೆದರೆ ಇಡೀ ತರಗತಿ ಅವಳ ಕಡೆ ತಿರುಗುತ್ತಿತ್ತು. "ಐದು ಗಂಟೆ ಆದ್ಮೇಲೆ ನಾನೂ ನಿಮ್ಮ ಹಾಗೇ. ಪೊರಕೆ ಬಾಗಿಲ ಹಿಂದಿದೆ, ಒಡೆದವರು ಗುಡಿಸ್ಕೊಳ್ಳಿ" ಎಂದು ಅವಳು ಕುಳಿತಲ್ಲಿಂದ ಏಳುತ್ತಿರಲಿಲ್ಲ.

ಅವಳಿಗೆ ಓದುವ ಹುಚ್ಚು ಇತ್ತು, ನಿಜ. ಆದರೆ ಹುಚ್ಚಿನ ಜೊತೆಗೆ ಲೆಕ್ಕಾಚಾರವೂ ಇತ್ತು. ವಿಭಾಗದಲ್ಲಿ ಲ್ಯಾಬ್ ಅಸಿಸ್ಟೆಂಟ್ ಹುದ್ದೆಯೊಂದು ಖಾಲಿ ಬಿದ್ದಿತ್ತು. ಅದಕ್ಕೆ ಪದವಿ ಬೇಕು, ವಯಸ್ಸು ನಲವತ್ತೈದು ದಾಟಿರಬಾರದು. ಮೂರನೇ ವರ್ಷದ ಕೊನೆಗೆ ಬಂದಾಗ ಲ್ಯಾಬಕ್ಕನಿಗೆ ನಲವತ್ತನಾಲ್ಕು ತುಂಬಿತ್ತು. ಈ ಸಲ ಪಾಸಾದರೆ ಕೆಲಸ. ಈ ಸಲ ತಪ್ಪಿದರೆ ನಿವೃತ್ತಿಯವರೆಗೂ ನೀಲಿ ಕೋಟು.

ಈಗ ಆ ದರಿದ್ರ ರೆಕಾರ್ಡ್ ಪುಸ್ತಕದ ಕಥೆ ಹೇಳಬೇಕು. ಪ್ರಯೋಗಾಲಯದಲ್ಲಿ ನೋಡಿದ್ದನ್ನೆಲ್ಲ ವಿದ್ಯಾರ್ಥಿ ಪೆನ್ಸಿಲಿನಲ್ಲಿ ಚಿತ್ರ ಬರೆದು, ಭಾಗಗಳ ಹೆಸರು ಗುರುತಿಸಿ, ಮೇಷ್ಟ್ರ ಸಹಿ ಪಡೆಯಬೇಕು. ಸಹಿಯಾದ ರೆಕಾರ್ಡಿಲ್ಲದೆ ಪ್ರಾಯೋಗಿಕ ಪರೀಕ್ಷೆಗೆ ಕೂರಿಸುವುದಿಲ್ಲ. ನಿಯಮವೇನೋ ಚೆನ್ನಾಗಿದೆ. ನಡೆಯುತ್ತಿದ್ದದ್ದು ಮಾತ್ರ ಬೇರೆ. ಹುಡುಗರು ಹಿಂದಿನ ವರ್ಷದವರ ರೆಕಾರ್ಡು ತಂದು, ಕಿಟಕಿ ಗಾಜಿಗೆ ಒತ್ತಿ ಹಿಡಿದು, ಗೆರೆ ಮೇಲೆ ಗೆರೆ ಎಳೆದು ಇಳಿಸಿಕೊಳ್ಳುತ್ತಿದ್ದರು. ಹಿಂದಿನ ವರ್ಷದವರು ಅದರ ಹಿಂದಿನವರಿಂದ. ಯಾವುದೋ ಕಾಲದಲ್ಲಿ ಯಾವನೋ ಪುಣ್ಯಾತ್ಮ ಯಕೃತ್ತಿನ ಚಿತ್ರದ ಮೇಲೆ ಚಹಾ ತೊಟ್ಟಿಕ್ಕಿಸಿದ್ದ. ಮುಂದಿನ ವರ್ಷದವರು ಆ ಕಲೆಯನ್ನೂ ದುಂಡಗೆ ಬರೆದು ಗೆರೆ ಎಳೆದು 'ದೊಡ್ಡ ಕೋಶ' ಎಂದು ನಾಮಕರಣ ಮಾಡಿದರು. ಅಂದಿನಿಂದ ಆ ಚಹಾ ಕಲೆ ಪ್ರತಿ ವರ್ಷ ಅರವತ್ತು ಪುಸ್ತಕಗಳಲ್ಲಿ ಹುಟ್ಟುತ್ತಿತ್ತು, ಪ್ರತಿ ವರ್ಷ ಅದಕ್ಕೆ ಸಹಿಯೂ ಬೀಳುತ್ತಿತ್ತು!

ಲ್ಯಾಬಕ್ಕನಿಗೆ ಇಳಿಸಿಕೊಳ್ಳಲು ಯಾರೂ ರೆಕಾರ್ಡು ಕೊಟ್ಟಿರಲಿಲ್ಲ, ಅವಳು ಕೇಳಿಯೂ ಇರಲಿಲ್ಲ. ಒಂದು ಕಣ್ಣು ಮೈಕ್ರೋಸ್ಕೋಪಿಗೆ, ಒಂದು ಕಣ್ಣು ಹಾಳೆಗೆ. ಹೀಗೆ ಹದಿನೇಳನೇ ಸ್ಲೈಡಿಗೆ ಬಂದಳು. ಲೇಬಲ್ಲಿನ ಮೇಲೆ 'ಮೊಲದ ಯಕೃತ್ತು' ಎಂದಿತ್ತು. ಯಕೃತ್ತೆಂದರೆ ನಾವು ಬಾಯಲ್ಲಿ ಹೇಳುವ ಲಿವರ್. ಲೆನ್ಸಿನ ಕೆಳಗೆ ಕಂಡದ್ದು ಗುಲಾಬಿ ನೆಲದ ಮೇಲೆ ದುಂಡನೆಯ ಗಂಟುಗಳು, ಪ್ರತಿ ಗಂಟಿನ ಸುತ್ತ ತೆಳುವಾದ ಬಿಳಿ ಅಂಚು, ಬಟ್ಟಲಲ್ಲಿ ನೂಲಿನ ಉಂಡೆ ಇಟ್ಟ ಹಾಗೆ. ಸುತ್ತಲೂ ಅಡ್ಡ ಕೊಯ್ದ ಸಣ್ಣ ಕೊಳವೆಗಳು. ಪಠ್ಯಪುಸ್ತಕ ತೆಗೆದು ಮೂರು ಸಲ ನೋಡಿದಳು. ಇದು ಲಿವರ್ ಅಲ್ಲವೇ ಅಲ್ಲ, ಕಿಡ್ನಿ! ಕಂಡದ್ದನ್ನೇ ಬರೆದು, ಕೆಳಗೆ 'ಲೇಬಲ್ ಪ್ರಕಾರ ಯಕೃತ್ತು. ನೋಡಿದರೆ ಮೂತ್ರಪಿಂಡ' ಎಂದು ಸೇರಿಸಿದಳು.

ಮರುದಿನ ರೆಕಾರ್ಡು ವಾಪಸು ಬಂದಾಗ ಪುಟದ ಮೇಲೆ ಈ ಮೂಲೆಯಿಂದ ಆ ಮೂಲೆಗೆ ಕೆಂಪು ಅಡ್ಡಗೀಟು. ಪಕ್ಕದಲ್ಲಿ 'ದೊಡ್ಡ ಕೋಶ ಎಲ್ಲಿ? ಮತ್ತೆ ಬರೆಯಿರಿ'.

ಲ್ಯಾಬಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಚಹಾ ಕಲೆ ಬರೆದಿಲ್ಲವೆಂದು ಗೀಟು! ಗೀಟು ಹಾಕಿದ್ದ ಸಂಜೆ ತರಗತಿಯ ಗೆಸ್ಟ್ ಲೆಕ್ಚರರ್ ಮೇಡಮ್ಮನ್ನು ಕೈಹಿಡಿದು ತಂದು ಮೈಕ್ರೋಸ್ಕೋಪಿನ ಮುಂದೆ ನಿಲ್ಲಿಸಿದಳು. ಮೇಡಂ ಸುಮ್ಮನೆ ಬಗ್ಗಿ ನೋಡಿದರು. ಫೋಕಸ್ ತಿರುಗಿಸಿ ಇನ್ನೊಮ್ಮೆ ನೋಡಿದರು. ತಲೆ ಎತ್ತಿ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

"ಅಕ್ಕ, ನೀವು ಹೇಳಿದ್ದು ಸರಿ. ಇದು ಕಿಡ್ನೀನೇ."

"ಹಾಗಿದ್ರೆ ಗೀಟು ಅಳಿಸಿ ಸಹಿ ಹಾಕಿ."

"ನಾನ್ ಹೇಗ್ ಹಾಕ್ಲಿ ಅಕ್ಕ? ಉಳಿದವರಿಗೆಲ್ಲ ಲಿವರ್ ಅಂತ ಹಾಕಿದೀನಿ. ವರ್ಷ ವರ್ಷ ನನ್ನ ಕೆಲಸ ಮುಂದುವರಿಸೋದು ಹೆಡ್ ಅಲ್ವಾ? ನೀವು ಅವರನ್ನೇ ಕೇಳಿ."

ಹೆಡ್ಡು ಎಂದರೆ ವಿಭಾಗದ ಮುಖ್ಯಸ್ಥರು. ದೊಡ್ಡ ಮೇಜು, ಮೇಜಿನ ಮೇಲೆ ಗಾಜು, ಗಾಜಿನ ಕೆಳಗೆ ಅವರದೇ ಫೋಟೋಗಳು. ಅವರು ಲ್ಯಾಬಿಗೆ ಬಂದರು, ನೋಡಿದರು, ಲ್ಯಾಬಕ್ಕನನ್ನು ಹಿಂದೆಯೇ ಬರಹೇಳಿ ಹೊರಟರು. ತಮ್ಮ ಕೋಣೆಯಲ್ಲಿ ಬಾಗಿಲು ಹಾಕಿಕೊಂಡ ಮೇಲೆ ಬಾಯಿ ಬಿಟ್ಟರು.

"ನೋಡಮ್ಮ, ಈಗ ಇದನ್ನ ಕೆದಕಿದ್ರೆ ಅರವತ್ತು ರೆಕಾರ್ಡ್ ವಾಪಸ್ ಕೊಡ್ಬೇಕು. ಹುಡುಗರು ಗಲಾಟೆ ಮಾಡ್ತಾರೆ. ನೀನು ಪುಸ್ತಕ ನೋಡಿ ಲಿವರ್ ಬರ್ಕೊಂಡು ಬಾ, ಸಹಿ ಹಾಕ್ತೀನಿ. ಪರೀಕ್ಷೆ ಮುಗಿದ್ಮೇಲೆ ಲೇಬಲ್ ಬದಲಾಯಿಸೋಣ."

"ಅಂದ್ರೆ ಪರೀಕ್ಷೇಲೂ ಕಿಡ್ನಿ ಇಟ್ಟು ಲಿವರ್ ಅಂತ ಬರೆಸ್ತೀರಾ ಸಾರ್?"

ಹೆಡ್ಡಿನ ದನಿ ತಣ್ಣಗಾಯಿತು. "ಲೇಬಲ್ ಯಾರ ಕೈಬರಹ?"

"ನಂದೇ ಸಾರ್."

"ಹಾಗಿದ್ರೆ ತಪ್ಪೂ ನಿಂದೇ. ಹಟ ಮಾಡಿದ್ರೆ ನಾನು ಮೆಮೊ ಕೊಡ್ಬೇಕಾಗುತ್ತೆ. ಮೆಮೊ ಇರೋರಿಗೆ ಅಸಿಸ್ಟೆಂಟ್ ಕೆಲಸ ಸಿಗಲ್ಲ, ಗೊತ್ತಿದೆ ತಾನೆ? ಶುಕ್ರವಾರ ರೆಕಾರ್ಡಿಗೆ ಕೊನೇ ದಿನ. ಯೋಚನೆ ಮಾಡು."

ಕೈಬರಹ ಅವಳದೇ, ಅದರಲ್ಲಿ ಸುಳ್ಳಿಲ್ಲ. ಎಂಟು ವರ್ಷದ ಹಿಂದೆ ಬೀರುವಿನೊಳಗೆ ನೀರು ಸೋರಿ ನಲವತ್ತು ಸ್ಲೈಡುಗಳ ಲೇಬಲ್ಲು ಕಿತ್ತುಬಂದಿದ್ದವು. ಆಗಿನ್ನೂ ಹೆಡ್ಡಾಗಿರದ ಈ ಮಹಾನುಭಾವರೇ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕುಳಿತು, ಅವಳು ಒಂದೊಂದೇ ಸ್ಲೈಡನ್ನು ಬೆಳಕಿಗೆ ಎತ್ತಿ ಹಿಡಿದ ಹಾಗೆಲ್ಲ ಹೆಸರು ಹೇಳುತ್ತಾ ಹೋಗಿದ್ದರು. "ಮೈಕ್ರೋಸ್ಕೋಪ್ ತರ್ಲಾ ಸಾರ್?" ಎಂದು ಅವಳು ಕೇಳಿದ್ದಳು. "ಬಣ್ಣ ನೋಡಿದ್ರೇ ನಂಗೆ ಗೊತ್ತಾಗುತ್ತೆ, ನೀನು ಬರಿ" ಎಂದಿದ್ದರು. ಅವಳು ಬರೆದಿದ್ದಳು. ಆಗ ಅವಳಿಗೆ ಲಿವರ್ ಯಾವುದು, ಕಿಡ್ನಿ ಯಾವುದು ಎಂದು ತಿಳಿಯುವ ಬಗೆಯೇ ಇರಲಿಲ್ಲ. ಅದನ್ನು ತಿಳಿಯಲೆಂದೇ ತಾನೆ ಮೂರು ವರ್ಷ ಕಣ್ಣು ಕೆಂಪಗೆ ಮಾಡಿಕೊಂಡದ್ದು!

ಮನೆಯಲ್ಲಿ ಅತ್ತೆ ಬಟಾಣಿ ಸುಲಿಯುತ್ತಾ ಕೂತಿದ್ದರು. ಗಂಡ ಬಸ್ ಡ್ರೈವರ್, ಎರಡು ದಿನದ ಡ್ಯೂಟಿಗೆ ಹೋಗಿದ್ದ. ಲ್ಯಾಬಕ್ಕ ಚೀಲವನ್ನೂ ಇಳಿಸದೆ ನಿಂತೇ ಎಲ್ಲ ಹೇಳಿದಳು.

"ಬರ್ದು ಬಿಸಾಕು ಅತ್ಲಾಗೆ" ಎಂದರು ಅತ್ತೆ. "ಮೊಲಕ್ಕೆ ಲಿವರ್ ಆದ್ರೇನು, ಕಿಡ್ನಿ ಆದ್ರೇನು? ಅದಂತೂ ಸತ್ತು ಎಷ್ಟು ಕಾಲ ಆಯ್ತೋ. ನೀನು ಪಾಸಾಗು ಮೊದ್ಲು."

"ತಪ್ಪು ನಂದು ಅಂತಾರೆ ಅತ್ತೆ."

ಅತ್ತೆಯ ಕೈ ನಿಂತಿತು. "ಹೇಳಿದ್ದು ಅವನು ತಾನೆ?"

"ಹೌದು."

"ಅವನು ಹೇಳಿದ್ದು, ನೀನು ಬರೆದಿದ್ದು. ತಪ್ಪು ಮಾತ್ರ ಪೂರ್ತಿ ನಿಂದಾ? ಇದ್ಯಾವ ಸೀಮೆ ನ್ಯಾಯ! ಬರೀಬೇಡ. ಒಂದು ಗೆರೆ ಎಳೆದ್ರೂ ಈ ಮನೇಲಿ ನಿನ್ನ ಜೊತೆ ಮಾತಿಲ್ಲ."

ಬರೆಯಬಾರದೆಂದು ಅವಳು ಬಸ್ಸಿನಲ್ಲೇ ತೀರ್ಮಾನಿಸಿಯಾಗಿತ್ತು. ಆದರೂ ಒಬ್ಬರು ಬಾಯಿಬಿಟ್ಟು ಹೇಳಿದಾಗ ಚೀಲ ಇಳಿಸಿ ಕಣ್ಣೊರೆಸಿಕೊಂಡಳು. ಅಳು ಬಂದದ್ದಕ್ಕೂ ಅವಳಿಗೆ ಸಿಟ್ಟೇ ಬಂತು.

ಬುಧವಾರ ಅವಳು ಅದೇ ಪುಟವನ್ನು ಮತ್ತೆ ಕೊಟ್ಟಳು. ಮಧ್ಯಾಹ್ನಕ್ಕೆ ಮೆಮೊ ಬಂತು. 'ನಿಮ್ಮ ಬೇಜವಾಬ್ದಾರಿಯಿಂದ ತಪ್ಪು ಲೇಬಲ್ ಅಂಟಿಸಲಾಗಿದ್ದು, ಎಂಟು ವರ್ಷಗಳಿಂದ ವಿದ್ಯಾರ್ಥಿಗಳು ತಪ್ಪು ಕಲಿಯುವಂತಾಗಿದೆ. ನಿಮ್ಮ ಮೇಲೆ ಏಕೆ ಕ್ರಮ ಕೈಗೊಳ್ಳಬಾರದು ಎಂಬುದಕ್ಕೆ ಎರಡು ದಿನದೊಳಗೆ ಉತ್ತರಿಸಿ.' ಕೆಳಗೆ ಹೆಡ್ಡಿನ ಉದ್ದನೆಯ ಸಹಿ. ಅವಳು ನಿಂತಲ್ಲೇ ಎರಡು ಸಲ ಓದಿದಳು. ಎರಡನೇ ಸಲ ಓದುವಾಗ 'ಎಂಟು ವರ್ಷಗಳಿಂದ' ಎಂಬಲ್ಲಿ ಪೆನ್ಸಿಲಿನಿಂದ ಗೆರೆ ಎಳೆದಳು.

ಇಪ್ಪತ್ತೆರಡು ವರ್ಷ ಕಾಗದ ಪತ್ರ ಹೊತ್ತು ಕೋಣೆಯಿಂದ ಕೋಣೆಗೆ ಅಲೆದವಳಿಗೆ ಒಂದು ವಿಷಯ ಯಾವ ಪ್ರೊಫೆಸರಿಗಿಂತಲೂ ಚೆನ್ನಾಗಿ ಗೊತ್ತಿತ್ತು. ಕೈಗೆ ಕೊಟ್ಟ ಪತ್ರ ಕಳೆದುಹೋಗುತ್ತದೆ, ಮೇಜಿನ ಮೇಲಿಟ್ಟ ಪತ್ರ ಹರಿದುಹೋಗುತ್ತದೆ. ಆಫೀಸಿಗೆ ಬಂದ ಪತ್ರಗಳನ್ನು ದಾಖಲಿಸುವ ಆವಕ ರಿಜಿಸ್ಟರಿನಲ್ಲಿ ನಂಬರು ಬಿದ್ದ ಪತ್ರವನ್ನು ಮಾತ್ರ ಯಾರಪ್ಪನಿಂದಲೂ ಮಾಯ ಮಾಡಲಾಗುವುದಿಲ್ಲ. ಗುರುವಾರ ಬೆಳಿಗ್ಗೆ ಅವಳು ಉತ್ತರ ಬರೆದು ನಂಬರು ಹಾಕಿಸಿ, ಒಂದು ಪ್ರತಿಯನ್ನು ಪ್ರಿನ್ಸಿಪಾಲರಿಗೂ ಕೊಟ್ಟಳು.

'ಲೇಬಲ್ ಬರೆದ ಕೈ ನನ್ನದು, ಒಪ್ಪುತ್ತೇನೆ. ಸ್ಲೈಡ್ ನೋಡದೆ ಹೆಸರು ಹೇಳಿದವರು ತಾವು. ಅಟೆಂಡರ್ ಬರೆದ ಲೇಬಲ್ಲಿನಿಂದ ವಿದ್ಯಾರ್ಥಿಗಳು ಎಂಟು ವರ್ಷ ತಪ್ಪು ಕಲಿತರೆಂದು ತಮ್ಮ ಮೆಮೊದಲ್ಲಿದೆ. ಹಾಗಿದ್ದರೆ ಈ ಎಂಟು ವರ್ಷ ಅದೇ ಸ್ಲೈಡಿನ ಪಾಠ ಮಾಡಿ ಸಂಬಳ ಪಡೆದವರಲ್ಲಿ ಒಬ್ಬರಾದರೂ ಮೈಕ್ರೋಸ್ಕೋಪಿಗೆ ಕಣ್ಣಿಟ್ಟಿದ್ದರೆ, ಯಾರು, ಯಾವ ದಿನ ಎಂದು ದಯವಿಟ್ಟು ತಿಳಿಸಬೇಕು.'

ಪ್ರಿನ್ಸಿಪಾಲರು ಪತ್ರದ ಅಂಚಿನಲ್ಲಿ ಹಸಿರು ಶಾಯಿಯಲ್ಲಿ ಒಂದೇ ಸಾಲು ಬರೆದರು: 'ವಿಭಾಗದ ಮುಖ್ಯಸ್ಥರು ಉತ್ತರಿಸಲಿ.'

ಶುಕ್ರವಾರ ಸಂಜೆ ಐದಕ್ಕೆ ಹತ್ತು ನಿಮಿಷ ಇರುವಾಗ ಹೆಡ್ಡು ಕರೆಸಿದರು. ಅವಳ ರೆಕಾರ್ಡು ಮೇಜಿನ ಮೇಲಿತ್ತು. ಕೆಂಪು ಗೀಟಿನ ಪಕ್ಕ 'ಸರಿ' ಎಂದು ಬರೆದು ಸಹಿ ಹಾಕಿದರು. ಕೊನೆಯ ಪುಟದ ಪ್ರಮಾಣಪತ್ರಕ್ಕೂ ಸಹಿ ಬಿತ್ತು. ಮೆಮೊದ ಮೇಲೆ 'ಹಿಂಪಡೆಯಲಾಗಿದೆ' ಎಂದು ಬರೆದರು. ಒಂದೇ ಒಂದು ಸಲವೂ ಅವಳ ಮುಖ ನೋಡಲಿಲ್ಲ. ತಪ್ಪಾಯಿತು ಎನ್ನುವ ಮಾತಂತೂ ಆ ಬಾಯಿಂದ ಬರುವುದುಂಟೇ!

ಪುಸ್ತಕವನ್ನು ಅವಳ ಕಡೆ ತಳ್ಳುತ್ತಾ, "ಇಷ್ಟು ಸಣ್ಣ ವಿಷಯಕ್ಕೆ ಇಷ್ಟೆಲ್ಲ ರಂಪ ಬೇಕಿತ್ತೇನಮ್ಮ?" ಎಂದರು.

ಲ್ಯಾಬಕ್ಕ ಪುಸ್ತಕ ಎದೆಗೊತ್ತಿಕೊಂಡು ಬಾಗಿಲವರೆಗೆ ಹೋದವಳು ತಿರುಗಿ ನಿಂತಳು. ಪರೀಕ್ಷೆಗೆ ಕೂರುವ ದಾರಿ ಸಿಕ್ಕಿತ್ತು, ಸುಮ್ಮನೆ ಹೋಗಬಹುದಿತ್ತು. ಅವಳಿಂದ ಆಗಲಿಲ್ಲ.

"ಸಣ್ಣದಾ ಸಾರ್? ಇಲ್ಲಿ ಪಾಸಾದ ಎಷ್ಟೋ ಹುಡುಗ್ರು ಈಗ ಆಸ್ಪತ್ರೆ ಲ್ಯಾಬುಗಳಲ್ಲಿದಾರೆ. ನಾಳೆ ನಿಮ್ಮ ಹೊಟ್ಟೆಯಿಂದ ಒಂದು ಚೂರು ತೆಗೆದು ಅವರ ಕೈಗೆ ಕೊಟ್ರೆ, ಅವರು ನೋಡಿ ಬರೀತಾರಾ, ಇಲ್ಲಾ ಹಿಂದಿನವರದ್ದು ನೋಡ್ಕೊಂಡು ಬರೀತಾರಾ?"

ಆಚೆ ಐದರ ಗಂಟೆ ಬಾರಿಸಿತು. ಲ್ಯಾಬಕ್ಕ ತರಗತಿಗೆ ಹೋದಳು.