ನನಗಿಂತ ಮೊದಲು ಊರು ತಲುಪಿದವನು

ದೆವ್ವ, ಮಾಟ, ಕಣ್ಣೆದುರೇ ಮಾಯವಾದ ಮನುಷ್ಯ, ಇಂಥ ಮಾತು ಯಾರಾದರೂ ಶುರುಮಾಡಿದರೆ ಎದ್ದು ಹೋಗಿ ಒಂದು ಕಾಫಿ ಕುಡಿದು ಬರುವವನು ನಾನು. ವಾದಕ್ಕೂ ನಿಲ್ಲುತ್ತಿರಲಿಲ್ಲ. ಜೆ.ಪಿ. ನಗರದ ಒಂದು ಲ್ಯಾಬಿನಲ್ಲಿ ಹಲ್ಲಿನ ಸೆಟ್ ಮಾಡುವುದು ನನ್ನ ಕೆಲಸ. ಅಚ್ಚಿಗೆ ಸರಿಯಾಗಿ ಕೂತರೆ ಕೂತಿತು, ಇಲ್ಲದಿದ್ದರೆ ಇಲ್ಲ. ಲೋಕವೂ ಹಾಗೇ ಅಂದುಕೊಂಡಿದ್ದೆ. ಈಗ ಬರೆಯುತ್ತಿರುವುದನ್ನು ನೀವು ನಂಬಲೇಬೇಕು ಅನ್ನುವುದಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ನಾಲ್ಕೈದು ವರ್ಷದ ಹಿಂದಿನ ಮಾತು. ಆಗ ಭಾನುವಾರ ಬಂತೆಂದರೆ ನನಗೂ ನನ್ನ ಗೆಳೆಯ ವಿಶ್ವನಿಗೂ ಸೈಕಲ್ಲೇ ಲೋಕ. ಇಬ್ಬರ ಬಳಿಯೂ ಗ್ರಾವೆಲ್ ಬೈಕ್ ಇತ್ತು. ರೇಸ್ ಸೈಕಲ್ಲಿನ ಹಾಗೆ ಬಾಗಿದ ಹ್ಯಾಂಡಲ್ಲು, ಆದರೆ ಮಣ್ಣು, ಜಲ್ಲಿ, ಬಂಡೆ ಎಲ್ಲದರ ಮೇಲೂ ಓಡುವ ದಪ್ಪ ಟಯರು. ಬನ್ನೇರುಘಟ್ಟದ ಆಚೆ ಗುಡ್ಡಗಳ ಕಡೆ ಇಂಥ ಸೈಕಲ್ಲಿಗೆ ಹೇಳಿ ಮಾಡಿಸಿದ ದಾರಿಗಳಿವೆ. ಕಾಡಿನೊಳಗೆ ಹೋಗುವ ಹಾಗಿಲ್ಲ. ಕಾಡಿನಂಚಿಗೇ ರಾಗಿ ಹೊಲ, ಹಾಸುಬಂಡೆ, ಲಂಟಾನದ ಪೊದೆಗಳ ನಡುವೆ ಹಳೆಯ ಬಂಡಿದಾರಿಗಳು ಒಂದು ಊರಿಂದ ಇನ್ನೊಂದು ಊರಿಗೆ ಹಾದುಹೋಗುತ್ತವೆ.

ವಿಶ್ವನದು ಹುಳಿಮಾವು ಕೆರೆಯ ಕಡೆ ಒಂದು ಗಿಡದ ನರ್ಸರಿ. ಹಿಂದಿನ ವರ್ಷ ಅವನ ಹೆಂಡತಿ ಕಾಯಿಲೆಯಿಂದ ತೀರಿಕೊಂಡಿದ್ದಳು. ಪಿಯುಸಿ ಓದುತ್ತಿದ್ದ ಒಬ್ಬಳೇ ಮಗಳು, ಹೆಸರು ಇಂಚರ. ಗಿಡಗಳಿಗೆ ನೀರು ಕೂಡ ಹಾಕಿಸದೆ ಮನೆಯೊಳಗೇ ಕೂತುಬಿಟ್ಟಿದ್ದವನನ್ನು ಬಲವಂತದಿಂದ ಮತ್ತೆ ಸೈಕಲ್ ಹತ್ತಿಸಿದ್ದೆ. ಅವನು ಬರುತ್ತಿದ್ದ, ತುಳಿಯುತ್ತಿದ್ದ. ಆದರೆ ಮೊದಲಿನ ವಿಶ್ವ ಆಗಿರಲಿಲ್ಲ. ಇಳಿಜಾರಿನಲ್ಲಿ ಬ್ರೇಕ್ ಹಿಡಿಯುವುದನ್ನೇ ಬಿಟ್ಟಿದ್ದ. ನನಗೆ ಅದು ಕಾಣುತ್ತಿತ್ತು, ಬಾಯಿಬಿಟ್ಟು ಕೇಳಲು ಆಗುತ್ತಿರಲಿಲ್ಲ.

ಆ ಭಾನುವಾರ ಗೊಟ್ಟಿಗೆರೆಯಲ್ಲಿ ಇಡ್ಲಿ ತಿಂದು ಹೊರಟೆವು. ರಾಗಿಹಳ್ಳಿಯನ್ನೂ ದಾಟಿ, ಮೊದಲು ಹೋಗದ ಒಂದು ದಾರಿ ಹಿಡಿದೆವು. ಆ ದಾರಿಯ ನಕ್ಷೆ ಇದ್ದದ್ದು ವಿಶ್ವನ ಹ್ಯಾಂಡಲ್ಲಿಗೆ ಸಿಕ್ಕಿಸಿದ್ದ ಪುಟ್ಟ ಜಿಪಿಎಸ್ಸಿನಲ್ಲಿ ಮಾತ್ರ. ಮಧ್ಯಾಹ್ನಕ್ಕೆ ಇನ್ನೂ ಹೊತ್ತಿತ್ತು. ಗುಡ್ಡ ಹತ್ತಿ ಇಳಿಯುವಾಗ ಒಂದು ತಿರುವಿನಲ್ಲಿ ಅವನ ಚಕ್ರ ಸಡಿಲ ಜಲ್ಲಿಯ ಮೇಲೆ ಜಾರಿತು. ಸೈಕಲ್ಲೂ ಅವನೂ ಕೊರಕಲಿನೊಳಕ್ಕೆ ಬಿದ್ದರು.

ನಾನು ಇಳಿದು ಹೋಗಿ ನೋಡಿದರೆ ಬಲತೊಡೆಯ ಮೂಳೆ ಮುರಿದಿತ್ತು. ಕಾಲು ಇರಬಾರದ ಕಡೆಗೆ ತಿರುಗಿತ್ತು, ರಕ್ತ ನಿಲ್ಲುತ್ತಿರಲಿಲ್ಲ. ನನ್ನ ಅಂಗಿ ಬಿಚ್ಚಿ ಬಿಗಿದೆ. ಜಿಪಿಎಸ್ ಬಂಡೆಗೆ ಬಡಿದು ಚೂರಾಗಿತ್ತು. ನನ್ನ ಫೋನಿನಲ್ಲಿ ನೆಟ್‌ವರ್ಕ್ ಇಲ್ಲ, ಅವನದರಲ್ಲೂ ಇಲ್ಲ. ಪಕ್ಕದಲ್ಲೇ ಆನೆಯ ಲದ್ದಿ, ಇನ್ನೂ ಹಸಿಯಾಗಿತ್ತು. ಅವನನ್ನು ನೆರಳಿಗೆ ಎಳೆದು, ಇದ್ದ ನೀರನ್ನೆಲ್ಲ ಅವನ ಪಕ್ಕ ಇಟ್ಟೆ.

"ಹತ್ರದಲ್ಲೇ ಊರಿರತ್ತೆ. ಜನ ಕರ್ಕೊಂಡು ಬಂದ್ಬಿಡ್ತೀನಿ. ಕಣ್ಣು ಮುಚ್ಬೇಡ, ಆಯ್ತಾ?" ಅಂದೆ.

ವಿಶ್ವ ನನ್ನ ಮುಖ ನೋಡಿದ. "ಸಾಕು ಬಿಡೋ ಮಗಾ. ನಂಗೇನೂ ಬೇಜಾರಿಲ್ಲ" ಅಂದ. ನೋವಿನಿಂದ ಕೂಗಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ಅವನು ಅದನ್ನು ಬಹಳ ನೆಮ್ಮದಿಯಿಂದ ಹೇಳಿದ.

ಬರಿಮೈಗೆ ಜಾಕೆಟ್ ಏರಿಸಿಕೊಂಡು ಸೈಕಲ್ ಹತ್ತಿದೆ. ಮುಂದಿನ ಕೆಲವು ಗಂಟೆಗಳನ್ನು ವಿವರಿಸುವುದು ಕಷ್ಟ. ದಾರಿ ಎರಡಾದ ಕಡೆ ಅಗಲವಾದದ್ದನ್ನು ಹಿಡಿದೆ. ಅದು ಆನೆ ದಾಟದಂತೆ ತೋಡಿದ ಒಂದು ಕಂದಕದ ಅಂಚಿಗೆ ಹೋಗಿ ನಿಂತಿತು. ವಾಪಸು ಬಂದು ಇನ್ನೊಂದನ್ನು ಹಿಡಿದೆ. ಅದು ಸುತ್ತಿ ಬಳಸಿ ಅದೇ ಕಂದಕಕ್ಕೆ ತಂದಿತು. ಎದುರಿಗೆ ಗುಡ್ಡ ಕಾಣುತ್ತಿತ್ತು, ಆದರೆ ಎಷ್ಟು ತುಳಿದರೂ ಅದು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸರಿದ ಹಾಗಿತ್ತು. ಕೊನೆಗೆ, ಊರು ಸಿಗದಿದ್ದರೆ ಬೇಡ, ಮೊದಲು ವಿಶ್ವನ ಹತ್ತಿರ ಹೋಗೋಣ ಎಂದು ತಿರುಗಿದೆ. ಆ ಕೊರಕಲೂ ಸಿಗಲಿಲ್ಲ. ಅವನ ಹೆಸರು ಹಿಡಿದು ಕೂಗಿದೆ. ಗಂಟಲು ಕಟ್ಟುವವರೆಗೂ ಕೂಗಿದೆ. ನನ್ನ ದನಿ ಬಂಡೆಗೆ ಬಡಿದು ನನಗೇ ವಾಪಸು ಬಂತು.

ಬಿಸಿಲು ಇಳಿಯಲು ಶುರುವಾಯಿತು. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವನಿಗೆ, ಮನೆಯಿಂದ ಸೈಕಲ್ಲಿನಲ್ಲಿ ಬಂದು ಮುಟ್ಟಬಹುದಾದ ಜಾಗದಲ್ಲಿ, ಒಬ್ಬನೇ ಒಬ್ಬ ಮನುಷ್ಯ ಸಿಗದೆ ಹೋಗುತ್ತಾನೆ ಅಂದರೆ ಹೇಗೆ? ನೆಲದ ಮೇಲೆ ಕೂತು ಅತ್ತೆ. ಇಂಚರಳಿಗೆ ಏನೆಂದು ಫೋನ್ ಮಾಡಲಿ ಅನ್ನುವುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ದೇವರನ್ನು ಕರೆಯುವ ಅಭ್ಯಾಸ ಇಲ್ಲದ್ದರಿಂದ ಯಾರನ್ನು ಬೇಡಿಕೊಳ್ಳಬೇಕು ಎಂದೂ ಗೊತ್ತಾಗಲಿಲ್ಲ. ಯಾರಾದರೂ ಹೋಗಿ, ಯಾರಾದರೂ ಅವನ ಹತ್ತಿರ ಹೋಗಿ, ಎಂದು ಗಾಳಿಗೆ ಹೇಳಿಕೊಳ್ಳುತ್ತಿದ್ದೆ.

ಆಮೇಲೆ ನಾಯಿ ಬೊಗಳಿದ್ದು ಕೇಳಿಸಿತು. ದಾರಿ ಬಿಟ್ಟು, ಸೈಕಲ್ ಹೆಗಲಿಗೇರಿಸಿ, ಮುಳ್ಳಿನ ನಡುವೆ ಆ ಸದ್ದಿನ ಕಡೆಗೇ ನುಗ್ಗಿದೆ. ಒಂದು ಹುಣಸೆಮರ, ನಲ್ಲಿ, ಹತ್ತಿಪ್ಪತ್ತು ಮನೆ, ಒಂದು ಪೆಟ್ಟಿಗೆ ಅಂಗಡಿ. ಊರಿನ ಹೆಸರು ಬರೆಯುವುದಿಲ್ಲ. ಸುಮ್ಮನೆ ಜನ ಹೋಗಿ ಅವರಿಗೆ ತೊಂದರೆ ಕೊಡುವುದು ಬೇಡ.

ಅಂಗಡಿಯಲ್ಲಿದ್ದ ಹೆಂಗಸು ನನ್ನನ್ನು ಕಂಡು ಎದ್ದು ನಿಂತಳು. ನಾನು ಬಾಯಿ ತೆರೆಯುವ ಮೊದಲೇ, "ಅಯ್ಯೋ, ಯಾಕಣ್ಣಾ ವಾಪಸ್ ಬಂದ್ಬುಟ್ರಿ? ಅವ್ರು ಹೆಂಗವ್ರೆ?" ಅಂದಳು.

ನನಗೆ ಅರ್ಥವಾಗಲಿಲ್ಲ. "ಅಕ್ಕಾ, ನನ್ನ ಫ್ರೆಂಡು ಗುಡ್ಡದ ಹತ್ರ ಬಿದ್ದಿದಾನೆ, ಕಾಲು ಮುರಿದಿದೆ, ಯಾರಾದ್ರೂ ಬನ್ನಿ" ಎಂದು ಏನೇನೋ ಒದರಿದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಮಧ್ಯಾನ್ನಾನೇ ಬಂದು ಹೇಳುದ್ರಲ್ಲಣ್ಣಾ ನೀವು. ಓಡ್ಕಂಡ್ ಬಂದ್ರಿ, ಸೈಕಲ್ ಇರ್ನಿಲ್ಲ ಕೈಲಿ. ನೀರ್ ಕೊಟ್ರೆ ಕುಡೀನಿಲ್ಲ. ನಮ್ ಮುನಿರಾಜು ಗಾಡೀಲಿ ನಾಕ್ ಜನ ಮಂಚ ಹಾಕ್ಕಂಡ್ ನಿಮ್ ಜೊತೆ ಹೋದ್ರು, ದಾರಿ ತೋರ್ಸಿದ್ದೇ ನೀವು!"

ನಾನಲ್ಲ ಎಂದೆ. ಬೇರೆ ಯಾರೋ ಇರಬೇಕು ಎಂದೆ. "ಇದೇ ಜಾಕೀಟು, ಇದೇ ಮುಖ" ಅಂದಳು. ಅಷ್ಟರಲ್ಲಿ ಒಂದು ಸಣ್ಣ ಗೂಡ್ಸ್ ಗಾಡಿ ಬಂದು ಹುಣಸೆಮರದ ಕೆಳಗೆ ನಿಂತಿತು. ಹಿಂದೆ ಹಗ್ಗದ ಮಂಚ, ಅದರ ಹಗ್ಗಕ್ಕೆ ರಕ್ತ ಹತ್ತಿತ್ತು. ಇಳಿದ ಡ್ರೈವರ್ ಮುನಿರಾಜು ಬಾಗಿಲ ಮೇಲಿಟ್ಟ ಕೈ ಹಾಗೇ ಇಟ್ಟುಕೊಂಡು ನಿಂತುಬಿಟ್ಟ.

"ಸಾರ್, ನಿಮ್ಮನ್ನ ಈಗ್ತಾನೆ ಆಸ್ಪತ್ರೆ ಬಾಗ್ಲಲ್ಲಿ ಬಿಟ್ ಬಂದೆ. ನನಗಿಂತ ಮುಂಚೆ ಹೆಂಗ್ ಬಂದ್ರಿ?"

ನನಗೆ ಆ ಕ್ಷಣದಲ್ಲಿ ಹೆದರಿಕೆಯೂ ಆಗಲಿಲ್ಲ. ಬದುಕಿದಾನಾ ಎಂದಷ್ಟೇ ಕೇಳಿದೆ. ಬದುಕಿದಾರೆ ಅಂದ. ನನ್ನನ್ನೂ ಅಲ್ಲಿಗೆ ಕರೆದುಕೊಂಡು ಹೋಗು ಎಂದು ಕೈಮುಗಿದೆ. ಅವನು ಒಲ್ಲದ ಮನಸ್ಸಿನಿಂದ ಹೊರಟ. ದಾರಿಯುದ್ದಕ್ಕೂ ನನ್ನ ಕಡೆಗಿದ್ದ ಮೈಯನ್ನು ಸ್ವಲ್ಪ ಆಚೆ ಸರಿಸಿಕೊಂಡೇ ಓಡಿಸಿದ. ಮಧ್ಯಾಹ್ನ ವಿಶ್ವನನ್ನು ಆಸ್ಪತ್ರೆಗೆ ಒಯ್ಯುವಾಗ ನಾನು ಎಲ್ಲಿ ಕೂತಿದ್ದೆ ಎಂದು ಕೇಳಿದೆ. "ಹಿಂದೆ, ಅವ್ರ ತಲೆ ಹತ್ರ. ಬಗ್ಗಿ ಕಿವೀಲಿ ಏನೋ ಹೇಳ್ತಾನೇ ಇದ್ರಿ" ಅಂದ.

ಆಸ್ಪತ್ರೆಯಲ್ಲಿ ವಿಶ್ವನ ಕಾಲಿಗೆ ಪಟ್ಟಿ ಕಟ್ಟಿ, ಬೆಂಗಳೂರಿಗೆ ಕಳಿಸಲು ಆಂಬುಲೆನ್ಸ್ ಕಾಯುತ್ತಿದ್ದರು. ನನ್ನನ್ನು ಕಂಡು ಕೈ ಚಾಚಿದ. "ಎಲ್ಲಿಗೋ ಹೋಗಿದ್ದೆ? ಕೈ ತೊಳ್ಕೊಂಡ್ ಬರ್ತೀನಿ ಅಂದವನು ಇಷ್ಟೊತ್ತಾ?" ಅವನ ಕಣ್ಣಲ್ಲಿ ನೀರಿತ್ತು. ಅವನು ಅತ್ತದ್ದನ್ನು ನಾನು ನೋಡಿಯೇ ಇರಲಿಲ್ಲ. ಹೆಂಡತಿಯನ್ನು ಮಣ್ಣು ಮಾಡಿದ ದಿನ ಕೂಡ ಅತ್ತಿರಲಿಲ್ಲ. "ಇಂಚರಂಗೆ ಫೋನ್ ಮಾಡು. ಅಪ್ಪ ಬರ್ತಾನೆ ಅಂತ ಹೇಳು" ಅಂದ. ನಾನು ಫೋನ್ ತೆಗೆದು ಇಂಚರಳ ನಂಬರ್ ಒತ್ತಿದೆ.

ಇದಕ್ಕೆ ಸಮಾಧಾನ ಹೇಳಿದವರು ಅನೇಕರು. ನನ್ನ ಹೆಂಡತಿ, ಲ್ಯಾಬಿಗೆ ಬರುವ ಡಾಕ್ಟರು, ಇಬ್ಬರೂ ಒಂದೇ ಮಾತು ಹೇಳಿದರು. ಗಾಬರಿಯಲ್ಲಿ ಮನುಷ್ಯ ಮಾಡಿದ್ದನ್ನೇ ಮರೆಯುತ್ತಾನೆ, ಊರಿಗೆ ಹೋಗಿ ಜನ ಕರೆದವನು ನೀನೇ, ಅದು ನೆನಪಿನಿಂದ ಜಾರಿದೆ. ನನಗೂ ಹಾಗೆ ನಂಬಲು ಆಸೆ. ಆದರೆ ಆಸ್ಪತ್ರೆಯ ಬಾಗಿಲಲ್ಲಿ ಇಳಿದವನು, ಗಾಡಿ ವಾಪಸು ಬರುವ ಮೊದಲೇ ಗುಡ್ಡದ ಮುಳ್ಳಿನಿಂದ ಸೈಕಲ್ ಹೊತ್ತು ಬರುವುದು ಹೇಗೆ? ನನ್ನ ಹಾಗೆಯೇ ಇರುವ ಬೇರೆ ಸೈಕಲ್ ಸವಾರ ಅನ್ನೋಣವೆಂದರೆ ಅವನು ಆಮೇಲೆ ಎಲ್ಲಿಗೆ ಹೋದ?

ಎರಡು ತಿಂಗಳ ಮೇಲೆ ಆ ಊರಿಗೆ ಹೋಗಿದ್ದೆ, ಮಂಚ ಹೊತ್ತವರನ್ನು ಕಂಡು ಕೃತಜ್ಞತೆ ಹೇಳಲು. ಅಂಗಡಿಯ ಹೆಂಗಸು ಟೀ ಕೊಟ್ಟಳು. ನಾನು ಕುಡಿದು ಮುಗಿಸುವವರೆಗೂ ಲೋಟವನ್ನೇ ನೋಡುತ್ತಿದ್ದಳು. ಮುಗಿಸಿದ ಮೇಲೆ ಮೆಲ್ಲಗೆ, "ನೀವು ಆವತ್ತು ಬಂದಿದ್ದವ್ರಾ, ಇಲ್ಲ ಆಮೇಲ್ ಬಂದವ್ರಾ?" ಎಂದು ಕೇಳಿದಳು. ಆಮೇಲೆ ಬಂದವನು ಎಂದೆ. ಅವಳು ತಲೆಯಾಡಿಸಿ ಲೋಟ ತೊಳೆಯಲು ಹೋದಳು.

ವಿಶ್ವ ಈಗ ಸ್ವಲ್ಪ ಕುಂಟುತ್ತಾನೆ. ನರ್ಸರಿ ಮತ್ತೆ ತುಂಬಿದೆ, ಇಂಚರ ಕೃಷಿ ಓದುತ್ತಿದ್ದಾಳೆ. ನಡೆದದ್ದನ್ನೆಲ್ಲ ಅವನಿಗೆ ಹೇಳಿದೆ. ಅವನು ನಕ್ಕು, ನೀನು ದೊಡ್ಡಸ್ತಿಕೆ ಬೇಡ ಅಂತ ಹೀಗೆ ಆಡ್ತೀಯ ಅಂದ. ಅವನ ಪ್ರಕಾರ ಅವನನ್ನು ಉಳಿಸಿದ್ದು ಪಟ್ಟಿಯಲ್ಲ, ಗಾಡಿಯಲ್ಲ. ಕೊರಕಲಿನಿಂದ ಆಸ್ಪತ್ರೆಯವರೆಗೆ ನಾನು ಅವನ ಕಿವಿಯಲ್ಲಿ ಹೇಳುತ್ತ ಬಂದ ಒಂದು ಮಾತು. ಅದನ್ನು ಕೇಳಿದ ಮೇಲೆ ಸಾಯಲು ಮನಸ್ಸು ಬರಲಿಲ್ಲವಂತೆ.

ಏನು ಮಾತು ಎಂದು ಕೇಳದ ದಿನವಿಲ್ಲ. ಒಮ್ಮೆ ಕಾಲು ಹಿಡಿಯುವಷ್ಟು ಬೇಡಿಕೊಂಡೆ. ನನಗೂ ಇತ್ತೀಚೆಗೆ ರಾತ್ರಿಗಳು ಸುಲಭವಾಗಿಲ್ಲ, ಅಂಥದೊಂದು ಮಾತು ನನಗೂ ಬೇಕಾಗಿದೆ ಎಂದು ಬಾಯಿಬಿಟ್ಟು ಹೇಳಿದೆ. ವಿಶ್ವ ನನ್ನ ಭುಜದ ಮೇಲೆ ಕೈಯಿಟ್ಟ.

"ನಿಂದೇ ಮಾತು ಕಣೋ. ನಾನ್ ಹೇಳಿದ್ರೆ ಅದು ನಿನ್ ಮೇಲೆ ಕೆಲ್ಸ ಮಾಡಲ್ಲ" ಅಂದ.